ಬಾ ಅವರ ಡಾಬು ಮತ್ತು ನನ್ನ ಎರಡು ಛೆ

ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷರು ಅಲ್ಲಿ ಗಂಟಲು ಸರಿಪಡಿಸಿಕೊಂಡರೆ ಇಲ್ಲಿ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ನಾನು ಉಪ್ಪಿಟ್ಟಿನ ತಟ್ಟೆ ದೂರ ಸರಿಸುತ್ತೇನೆ. ಸರಿಸಲು ಯಾವ ಕಾರಣವೂ ಇಲ್ಲ. ನನ್ನ ಬಳಿ ಡಾಲರ್ ಇಲ್ಲ, ಶೇರುಗಳಿಲ್ಲ, ಚಿನ್ನವೆಂದರೆ ಹೆಂಡತಿಯ ಕೊರಳಲ್ಲಿರುವಷ್ಟು. ಅದನ್ನು ಮುಟ್ಟುವ ಅಧಿಕಾರ ನನಗಿಲ್ಲ. ಆದರೂ ಬೆಳಿಗ್ಗೆ ಎದ್ದ ಕೂಡಲೇ ಪತ್ರಿಕೆಯ ವಾಣಿಜ್ಯ ಪುಟಕ್ಕೆ ಹೋಗಿ, ಬಡ್ಡಿದರ ಏರಿತೋ ಇಳಿಯಿತೋ ಎಂದು ನೋಡಿ, ಏರಿದ್ದರೆ ಏರಿತಲ್ಲ ಎಂದೂ ಇಳಿದಿದ್ದರೆ ಇಳಿಯಿತಲ್ಲ ಎಂದೂ ಕಳವಳಪಡುತ್ತೇನೆ. ಇದ್ದಲ್ಲೇ ಇದ್ದರೆ ಇನ್ನೂ ಕಷ್ಟ. ಯಾಕೆ ಇದ್ದಲ್ಲೇ ಇದೆ?

“ಅಲ್ರೀ, ಅಮೆರಿಕಾದಾವ್ರು ಬಡ್ಡಿ ಏರಿಸ್ಲಿ, ಇಳಿಸ್ಲಿ, ನೀವ್ಯಾಕ ಉಪ್ಪಿಟ್ಟು ಬಿಟ್ಟು ಕೂತೀರಿ?” ಎಂದು ಹೆಂಡತಿ ಕೇಳುತ್ತಾಳೆ. “ಅವ್ರು ನಿಮ್ಮನ್ನ ಕೇಳಿ ಮಾಡ್ತಾರೇನು?”

ಕೇಳಿದ್ದರೆ ಏನು ಹೇಳುತ್ತಿದ್ದೆ ಎಂಬುದೂ ಒಂದು ಚಿಂತೆಯೇ.

ನಾನು ಬ್ಯಾಂಕಿನವನು ಎಂಬುದು ನಿಜ. ಧಾರವಾಡದಿಂದ ವಡೋದರಾಕ್ಕೆ ವರ್ಗವಾಗಿ ಬಂದು, ಅಲ್ಲಿಂದ ಅಹಮದಾಬಾದಿಗೆ ಬಂದು, ಇಲ್ಲಿಂದ ಎಲ್ಲಿಗೂ ಕಳಿಸಲು ಯಾರಿಗೂ ನೆನಪಾಗದೆ ಹನ್ನೊಂದು ವರ್ಷ ಕಳೆದಿದ್ದೇನೆ. ಆದರೆ ಬ್ಯಾಂಕಿನಲ್ಲಿ ನಾನು ನೋಡಿಕೊಳ್ಳುವುದು ಲಾಕರುಗಳನ್ನು. ಗ್ರಾಹಕರು ಬಂದರೆ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುವುದು, ನನ್ನ ಕೀಲಿ ತಿರುಗಿಸುವುದು, ಅವರ ಕೀಲಿ ಅವರು ತಿರುಗಿಸಿದ ಮೇಲೆ ಕಣ್ಣು ತಗ್ಗಿಸಿ ಹೊರಗೆ ಬರುವುದು. ಲೋಕದ ಹಣಕಾಸಿಗೂ ನನಗೂ ಇರುವ ನಂಟು ಅಷ್ಟೇ. ನಾನು ಅದಕ್ಕೆ ಬಾಗಿಲು ತೆರೆದು ಬೆನ್ನು ತಿರುಗಿಸುವವನು.

ನಮ್ಮ ವಸತಿ ಸೊಸೈಟಿಯ ಜನ ಇದನ್ನು ಒಪ್ಪುವುದಿಲ್ಲ. ಅವರಿಗೆ ನಾನು ‘ಬ್ಯಾಂಕ್‌ವಾಲಾ ಸಾಹೇಬ್’. ಹಾಗೆ ನೋಡಿದರೆ ಇಲ್ಲಿ ಬಟ್ಟೆ ಇಸ್ತ್ರಿ ಮಾಡುವವರಿಗೂ ಮಾರುಕಟ್ಟೆಯ ವಿಷಯ ನನಗಿಂತ ಹೆಚ್ಚು ಗೊತ್ತು. ನನ್ನ ಅಂಗಿಯ ಕಾಲರಿಗೆ ಇಸ್ತ್ರಿ ಒತ್ತುತ್ತಲೇ ಯಾವ ಕಂಪನಿಯ ಶೇರು ಬಿಡಬೇಕು, ಯಾವುದು ಹಿಡಿಯಬೇಕು ಎಂದು ಹೇಳಬಲ್ಲರು. ಮತ್ತೆ ನನ್ನನ್ನು ಯಾಕೆ ಕೇಳುತ್ತಾರೆಂದರೆ, ಅವರಿಗೆ ಬೇಕಾದದ್ದು ತಿಳುವಳಿಕೆಯಲ್ಲ, ಒಳಗಿನ ಸುದ್ದಿ. ಬ್ಯಾಂಕು ಬ್ಯಾಂಕು ಒಂದೇ ಮನೆತನ, ಮುಂಬಯಿಯ ದೊಡ್ಡ ಬ್ಯಾಂಕು ನನಗೆ ದೊಡ್ಡಪ್ಪ, ಅಮೆರಿಕದ್ದು ದೂರದ ಬೀಗರು ಎಂಬಂತೆ ಅವರ ನಂಬಿಕೆ. ನಾನೂ ಆ ನಂಬಿಕೆಯನ್ನು ಪೂರ್ತಿ ಕೆಡಿಸಲು ಹೋಗಿಲ್ಲ. ಮನೆಯಲ್ಲಿ ಯಾರೂ ಅಭಿಪ್ರಾಯ ಕೇಳದ ಗಂಡಸಿಗೆ ಲಿಫ್ಟಿನಲ್ಲಿ ನಾಲ್ಕು ಜನ ಕೇಳಿದರೆ ಎದೆ ಸ್ವಲ್ಪ ಉಬ್ಬುತ್ತದೆ.

ಕೇಳುವವರಲ್ಲಿ ಮೊದಲಿಗರು ನೆಲಮಹಡಿಯ ಬಾ. ಗುಜರಾತಿಯಲ್ಲಿ ಬಾ ಎಂದರೆ ತಾಯಿ, ಅಜ್ಜಿ, ಒಟ್ಟಿನಲ್ಲಿ ಹಿರಿಯಳು. ನಾವು ಈ ಮನೆಗೆ ಬಂದ ಹೊಸದರಲ್ಲಿ ಕೆಳಗಿನಿಂದ ಯಾರೋ “ಬಾ! ಓ ಬಾ!” ಎಂದು ಕೂಗಿದಾಗ ನನ್ನ ಹೆಂಡತಿ “ಬಂದೆ” ಎನ್ನುತ್ತ ಕೈ ಒರೆಸಿಕೊಂಡು ಎರಡು ಮಹಡಿ ಇಳಿದು ಹೋಗಿದ್ದಳು. ಹೋದವಳಿಗೆ ಅಲ್ಲಿ ಬಾ ಚಹಾ ಕೊಟ್ಟು ಕೂರಿಸಿಕೊಂಡರು. ಸ್ನೇಹ ಶುರುವಾದದ್ದು ಹೀಗೆ. ಬಾಗೆ ಎಪ್ಪತ್ತು ದಾಟಿದೆ. ಅಂಗಳದ ಜೋಕಾಲಿಯಲ್ಲಿ ಕೂತು, ಒಂದು ಕಾಲಿನಿಂದ ನೆಲ ಒದೆಯುತ್ತ, ಮೊಬೈಲಿನಲ್ಲಿ ಮಾರುಕಟ್ಟೆ ನೋಡುತ್ತಾರೆ. ಅವರು ಆಡುವುದು ಗುಜರಾತಿ, ನಾನು ಆಡುವುದು ಹಿಂದಿಗೆ ಗುಜರಾತಿಯ ಒಗ್ಗರಣೆ ಹಾಕಿದ್ದು. ನನ್ನ ತಲೆಯೊಳಗೆ ಅದೆಲ್ಲ ಧಾರವಾಡದ ಕನ್ನಡವಾಗಿಯೇ ಇಳಿಯುವುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಬಾ ಅವರಿಗೆ ಹಿಮ ನೋಡಬೇಕಾಗಿತ್ತು. ಫ್ರಿಜ್ಜಿನದಲ್ಲ, ಆಕಾಶದಿಂದ ಬಿದ್ದದ್ದು. ಸೂರತ್‌ನ ಪ್ರವಾಸದವನೊಬ್ಬ ಹಿರಿಯ ಹೆಂಗಸರ ತಂಡ ಕಟ್ಟಿಕೊಂಡು ಸ್ವಿಟ್ಜರ್ಲೆಂಡಿಗೆ ಕರೆದೊಯ್ಯುತ್ತಾನೆ. ಇಲ್ಲಿಯವರು ಮಹಾರಾಜ ಎಂದು ಕರೆಯುವ ಅಡುಗೆಯವನೂ ಜೊತೆಗೇ ಬರುತ್ತಾನೆ, ಹೀಗಾಗಿ ಪರದೇಶದಲ್ಲೂ ದಾಲ್, ಭಾತ್, ರೋಟ್ಲಿ. ಬಾ ಮುಂಗಡ ಕೊಟ್ಟಾಗಿತ್ತು, ವೀಸಾ ಬಂದಾಗಿತ್ತು. ಉಳಿದ ಹಣವನ್ನು ತಿಂಗಳ ಕೊನೆಯ ದಿನದೊಳಗೆ ಕಟ್ಟಬೇಕು, ಕಟ್ಟದಿದ್ದರೆ ಸೀಟು ಇನ್ನೊಬ್ಬರಿಗೆ. ವಟ್ವಾದಲ್ಲಿ ಬಣ್ಣದ ಕಾರ್ಖಾನೆ ಇಟ್ಟಿರುವ ಮಗ ತಾನು ಕೊಡುತ್ತೇನೆ ಎಂದರೆ ಬಾ ಒಪ್ಪಲಿಲ್ಲ.

“ಮಗ ರೊಕ್ಕಾ ಕೊಟ್ರ ಮಗ ಹೇಳಿದಾಗ ಸ್ವೆಟರ್ ಹಾಕ್ಕೋಬೇಕಾಗ್ತದ,” ಎಂದರು. “ನನ್ನ ಹಿಮ, ನನ್ನ ಬಂಗಾರ.”

ಬಂಗಾರವೆಂದರೆ ಅವರ ಕಂದೋರೋ, ಅಂದರೆ ನಮ್ಮ ಕಡೆಯ ಡಾಬು, ಸೊಂಟಕ್ಕೆ ಕಟ್ಟುವ ಪಟ್ಟಿ. ಮದುವೆಯಲ್ಲಿ ಬಂದದ್ದು. ಐವತ್ತು ವರ್ಷದಲ್ಲಿ ಮೂರು ಸಲ ಹಾಕಿದ್ದಾರಂತೆ, ಮೂರು ಸಲವೂ ಚುಚ್ಚಿತಂತೆ. ಅದು ಇದ್ದದ್ದು ನಮ್ಮ ಶಾಖೆಯ ಲಾಕರಿನಲ್ಲಿ, ನನ್ನ ಕೀಲಿಯ ಕಾವಲಿನಲ್ಲಿ. ಅದನ್ನು ಮಾರಿ ಹಣ ಕಟ್ಟುವುದು ಎಂದು ತೀರ್ಮಾನವಾಗಿತ್ತು. ಯಾವತ್ತು ಮಾರುವುದು ಎಂಬುದೊಂದೇ ಪ್ರಶ್ನೆ. ಆಗ ಇದ್ದ ದರಕ್ಕೆ ಮಾರಿದ್ದರೆ ಪ್ರವಾಸದ ಹಣ ಬಂದು, ಅಲ್ಲಿ ಐಸ್‌ಕ್ರೀಮ್ ತಿನ್ನುವಷ್ಟು ಉಳಿಯುತ್ತಿತ್ತು.

ಒಂದು ಬೆಳಿಗ್ಗೆ ನಾನು ಹಾಲಿನ ಚೀಲ ಹಿಡಿದು ಬರುತ್ತಿರುವಾಗ ಜೋಕಾಲಿ ನಿಂತಿತು.

“ಸಾಹೇಬ್, ಸೋನು ಹಜಿ ವಧ್‌ವಾನು ಛೆ?”

ಚಿನ್ನ ಇನ್ನೂ ಏರುವುದಿದೆಯೇ ಎಂದು ಪ್ರಶ್ನೆ. ನಾನು ಆಗಷ್ಟೇ ಪತ್ರಿಕೆ ಓದಿ ಮುಗಿಸಿದ್ದೆ. ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿ ಇಳಿಸುತ್ತದೆ ಎಂದು ಎಲ್ಲರೂ ಕಾದು ಕೂತಿದ್ದರು, ಅದು ಇಳಿಸುವ ಲಕ್ಷಣವಿರಲಿಲ್ಲ. ಲೆಕ್ಕ ಸರಳ. ಚಿನ್ನ ಬಡ್ಡಿ ಕೊಡುವುದಿಲ್ಲ, ಪೆಟ್ಟಿಗೆಯಲ್ಲಿ ಸುಮ್ಮನೆ ಮಲಗಿರುತ್ತದೆ. ಅಮೆರಿಕದಲ್ಲಿ ಬಡ್ಡಿ ಕಡಿಮೆಯಾದರೆ ದೊಡ್ಡ ದುಡ್ಡಿನವರು ಹೇಗೂ ಬಡ್ಡಿ ಇಲ್ಲವಲ್ಲ ಎಂದು ಚಿನ್ನ ಕೊಳ್ಳುತ್ತಾರೆ, ಚಿನ್ನ ಏರುತ್ತದೆ. ಬಡ್ಡಿ ಜೋರಾಗಿಯೇ ಇದ್ದರೆ ಚಿನ್ನ ಬಿಟ್ಟು ಡಾಲರಿನ ಹಿಂದೆ ಓಡುತ್ತಾರೆ, ಚಿನ್ನ ಇಳಿಯುತ್ತದೆ. ಅದರ ಮೇಲೆ ನಮ್ಮ ಸರ್ಕಾರ ಚಿನ್ನದ ಆಮದು ಸುಂಕ ಇಳಿಸುತ್ತದೆ ಎಂಬ ಗುಸುಗುಸು ಬೇರೆ. ಇಳಿಸಿದರೆ ಇಲ್ಲಿಯ ದರ ಒಂದೇ ಬೆಳಿಗ್ಗೆಯಲ್ಲಿ ಧೊಪ್ಪೆಂದು ಬೀಳುತ್ತದೆ. ಇದೆಲ್ಲವನ್ನೂ ಬಾಗೆ ವಿವರಿಸಬಹುದಿತ್ತು. ಹಾಲು ಬೆಚ್ಚಗಾಗುತ್ತಿತ್ತು. ಅದಕ್ಕೇ ಕೈ ಅಲ್ಲಾಡಿಸಿ, ತಲೆ ಕೊಡವಿ, ನಮ್ಮೂರಿನಲ್ಲಿ ಯಾರೇ ಆದರೂ ಹೇಳುವಂತೆ ಹೇಳಿದೆ:

“ಛೆ, ಛೆ!”

ಬಾ ಅವರ ಮುಖ ಅರಳಿತು. ಜೋಕಾಲಿ ಮತ್ತೆ ಹೊರಟಿತು. ಚುಟುಕಾಗಿ, ಖಚಿತವಾಗಿ ಉತ್ತರ ಕೊಟ್ಟೆನೆಂಬ ಹೆಮ್ಮೆಯಲ್ಲಿ ನಾನು ಮೇಲೆ ಬಂದೆ.

ಒಂದು ವಾರ ಕಳೆಯಿತು. ಚಿನ್ನದ ದರ ತುಸು ಏರಿತು. ನನ್ನ ಮಾತು ಸುಳ್ಳಾಯಿತಲ್ಲ, ಬಾ ಮಾರಿ ಕೈ ಸುಟ್ಟುಕೊಂಡಿರಬೇಕು ಎಂದು ನಾನು ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿದೆ. ಮೆಟ್ಟಿಲಲ್ಲೇ ಬಾ ಸಿಕ್ಕರು. ಕೈಯಲ್ಲಿ ಡಬ್ಬಿ, ಡಬ್ಬಿಯಲ್ಲಿ ಬೆಲ್ಲ, ತುಪ್ಪ, ಗೋಧಿಹಿಟ್ಟಿನ ಸುಖಡಿ.

“ನೀವು ಹೇಳಿದ್ದು ಖರೇ ಆತು ಸಾಹೇಬ್. ಬಂಗಾರದಂಗಡಿ ಸೋನಾರ ಮಾರು ಅಂದ, ಮಗ ಮಾರು ಅಂದ. ನಾನು ಮಾರ್ಲಿಲ್ಲ.”

ಅವರು ನನ್ನನ್ನು ಚುಚ್ಚುತ್ತಿದ್ದಾರೆ ಎಂದೇ ಭಾವಿಸಿದೆ. ಬೆಲ್ಲ ಹಾಕಿ ಚುಚ್ಚುವುದು ಈ ಊರಿನ ಪದ್ಧತಿಯಿರಬೇಕು. ರಾತ್ರಿ ಊಟದ ಹೊತ್ತಿಗೆ ಹೆಂಡತಿಗೂ ಮಗಳಿಗೂ ಎಲ್ಲವನ್ನೂ ಹೇಳಿದೆ. ಮಗಳು ಇಲ್ಲಿಯೇ ಬೆಳೆದವಳು, ಕಾಲೇಜಿನಲ್ಲಿ ಓದುತ್ತಾಳೆ. ಅವಳ ಕನ್ನಡ ಮೊಣಕಾಲು ನೀರಿನಲ್ಲಿ ನಡೆದಂತೆ, ಗುಜರಾತಿ ಈಜಿದಂತೆ. ಅವಳು ಚಪಾತಿ ಕೆಳಗಿಟ್ಟಳು.

“ಪಪ್ಪಾ, ಒನ್ ಮಿನಿಟ್. ಬಾ ‘ವಧ್‌ವಾನು ಛೆ?’ ಅಂತ ಕೇಳಿದ್ರು. ನೀವು ಏನು ಹೇಳಿದ್ರಿ? ಎಗ್ಸಾಕ್ಟ್ಲಿ?”

“ಛೆ, ಛೆ ಅಂದೆ.”

“ಅಂದ್ರ ಏನು?”

“ಅಂದ್ರ ಏನು ಅಂದ್ರ? ಛೆ ಅಂದ್ರ ಛೆ. ಹಂಗೇನಿಲ್ಲ, ಎಲ್ಲಿ ಬಂತು, ಸಾಧ್ಯನೇ ಇಲ್ಲ ಅಂತ.”

“ಪಪ್ಪಾ!” ಅವಳಿಗೆ ನಗು ತಡೆಯದೆ ಮಾತು ಮೂರು ಭಾಷೆಗಳಾಗಿ ಒಡೆಯಿತು. “ಗುಜರಾತಿ ಮೇ ಛೆ ಅಂದ್ರ ಅದ! ಹೈ! ಏರೋದು ಅದ ಏನು ಅಂತ ಅವ್ರು ಕೇಳಿದ್ರು. ನೀವು ಅದ ಅದ ಅಂದ್ರಿ! ಎರಡು ಸರ್ತಿ!”

ಹೆಂಡತಿಗೆ ನೆತ್ತಿಗೆ ಹತ್ತಿ ಸಾರು ಮೂಗಿನಿಂದ ಬರುವುದೊಂದು ಬಾಕಿ.

ಗುಜರಾತಿಯಲ್ಲಿ ಛೆ ಎಂದರೆ ‘ಇದೆ’ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗುಜರಾತಿಗೆ ಬಂದಾಗಿನಿಂದ ದಿನಕ್ಕೆ ಸಾವಿರ ಸಲ ಕೇಳಿದ್ದೇನೆ. ಅವರ ಛೆ ನನ್ನ ಕಿವಿಗೆ ಗೊತ್ತಿತ್ತು. ನನ್ನ ಛೆ ಅವರ ಕಿವಿಗೆ ಹೇಗೆ ಬೀಳುತ್ತದೆ ಎಂದು ಮಾತ್ರ ಒಮ್ಮೆಯೂ ಯೋಚಿಸಿರಲಿಲ್ಲ. ಸೀನುವಾಗ ಯಾರು ವ್ಯಾಕರಣ ನೋಡುತ್ತಾರೆ?

ಆಮೇಲೆ ಒಂದೊಂದಾಗಿ ನೆನಪಾಗತೊಡಗಿತು. ವಡೋದರಾದಲ್ಲಿ ಪಕ್ಕದ ಮನೆಯವರು ಜ್ವರ ಇದೆಯೇ ಎಂದು ಕೇಳಿದಾಗ ನಾನು ಛೆ ಛೆ ಎಂದದ್ದು, ಮೂರು ದಿನ ಅವರ ಮನೆಯಿಂದ ಖಿಚಡಿ ಬಂದದ್ದು. ನನಗೆ ಸಕ್ಕರೆ ಕಾಯಿಲೆ ಉಂಟೇ ಎಂದು ಯಾರೋ ಕೇಳಿದ ಮೇಲೆ ಸೊಸೈಟಿಯ ಯಾವ ಮದುವೆಯಲ್ಲೂ ನನ್ನ ತಟ್ಟೆಗೆ ಜಿಲೇಬಿ ಬೀಳದೆ ಹೋದದ್ದು. ಶಾಖೆಯಲ್ಲಿ ಹೊಸ ಮೇಲಧಿಕಾರಿ, “ಭಾನುವಾರ ಬರಲು ಅಡ್ಡಿ ಛೆ?” ಎಂದಾಗ ವಿನಯದಿಂದ ಎರಡು ಸಲ ಛೆ ಎಂದು, ಆಮೇಲೆ ಅವರು ನನ್ನೊಡನೆ ಬಿಗುವಾಗಿಯೇ ಇದ್ದದ್ದು. ನನ್ನ ಗುಜರಾತಿನ ಬದುಕಿನ ಅರ್ಧದಷ್ಟು ನಾನು ಬೇಡವೆಂದದ್ದಕ್ಕೆ ಬಂದದ್ದು.

“ಬಿಡ್ರಿ,” ಎಂದಳು ಹೆಂಡತಿ ಕಣ್ಣೊರೆಸಿಕೊಳ್ಳುತ್ತ. “ಬಂಗಾರ ಏರೇ ಅದಲ್ಲ. ಬಾ ಅವ್ರಿಗೆ ಒಳ್ಳೇದೇ ಆತು.”

“ಈಗ ಏರೇದ. ನಾಳೆ ಇಳೀತದ. ಸುಂಕಾ ಇಳಿಸಿದ್ರ ಆ ಡಾಬು ಮಾರಿ ಸ್ವಿಟ್ಜರ್ಲೆಂಡ್ ಅಲ್ಲ, ಮೌಂಟ್ ಅಬುಗೆ ಹೋಗಿ ಬರಬೇಕಾಗ್ತದ.”

“ಹಂಗಾರ ಹೋಗಿ ಹೇಳ್ರಿ.”

“ನೀನು ಹೇಳು,” ಎಂದೆ ಮಗಳಿಗೆ.

“ನೋ ನೋ. ನಿಮ್ಮ ಪಾಲಿಸಿ, ನೀವೇ ಅನೌನ್ಸ್ ಮಾಡ್ರಿ.”

ಮರುದಿನ ಬೆಳಿಗ್ಗೆ ಜೋಕಾಲಿಯ ಮುಂದೆ ಹೋಗಿ ನಿಂತೆ. ಬಾಯಿಪಾಠ ಮಾಡಿಕೊಂಡು ಹೋಗಿದ್ದ ವಾಕ್ಯ ಒಂದೇ: ಸೋನು ವಧ್‌ವಾನು ನಥಿ. ನಥಿ ಎಂದರೆ ಇಲ್ಲ. ಮಗುವಿಗೂ ಹೇಳಲು ಬರುವ ವಾಕ್ಯ. ಹೇಳಿದೆ.

ಬಾ ಒಂದು ಕಾಲು ನೆಲಕ್ಕೆ ಊರಿದರು. “ಹಂಗಾರ ಆವತ್ತು ಛೆ ಅಂದ್ರಿ?”

“ಛೆ ಛೆ, ಹಾಗಲ್ಲ ಬಾ!”

“ಅದ?”

“ನಥಿ! ನಾನು ಹೇಳಿದ ಛೆ, ಆ ಛೆ ಅಲ್ಲ. ನನ್ನ ಛೆ ಅಂದರೆ ನಥಿ.”

ಬಾ ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ಪಕ್ಕದಲ್ಲಿ ಬಟಾಣಿ ಬಿಡಿಸುತ್ತಿದ್ದ ಇಬ್ಬರು ಹೆಂಗಸರು ಕೈ ನಿಲ್ಲಿಸಿ ನೋಡಿದರು.

“ನಿಮ್ಮ ಅದ ಅಂದ್ರ ಇಲ್ಲ,” ಎಂದರು ಬಾ ನಿಧಾನವಾಗಿ. “ಅದ, ಆದ್ರ ಇಲ್ಲ. ಇಲ್ಲ, ಆದ್ರ ಆವತ್ತು ಇತ್ತು.” ಆಮೇಲೆ ಆ ಹೆಂಗಸರ ಕಡೆ ತಿರುಗಿ, “ನೋಡ್ರಿ, ದೊಡ್ಡ ಬ್ಯಾಂಕಿನವ್ರೂ ಟೀವಿಯೊಳಗ ಹಿಂಗೇ ಮಾತಾಡ್ತಾರ. ಸಾಹೇಬ್ರ ಮ್ಯಾಲೆ ಒತ್ತಡ ಅದ. ಹೇಳಬ್ಯಾಡ ಅಂತ ಮ್ಯಾಲಿನವ್ರು ಅಂದಿರಬೇಕು,” ಎಂದರು.

“ಯಾವ ಮೇಲಿನವರೂ ಇಲ್ಲ ಬಾ. ನನ್ನ ಮೇಲೆ ಇರೋದು ಮೂರನೇ ಮಹಡಿ.”

“ಹೌದು, ಹೌದು,” ಎಂದು ಅವರು ಕಣ್ಣು ಮಿಟುಕಿಸಿದರು. “ಮೊದಲು ಬಾಯಿಗೆ ಬಂದದ್ದೇ ಖರೇ.”

ಅಂದು ಸಂಜೆಯೊಳಗೆ ಸೊಸೈಟಿಯಲ್ಲಿ ಸುದ್ದಿಯಾಗಿತ್ತು: ಬ್ಯಾಂಕ್‌ವಾಲಾ ಸಾಹೇಬರು ಮೊದಲು ಏರುತ್ತದೆ ಅಂದರು, ಈಗ ಇಲ್ಲ ಅನ್ನುತ್ತಿದ್ದಾರೆ, ಅಂದರೆ ಬಹಳ ಏರುತ್ತದೆ. ಯಾವ ದೇಶದ ಕೇಂದ್ರ ಬ್ಯಾಂಕಿನ ಅಧ್ಯಕ್ಷರಿಗಾದರೂ ನನ್ನ ಅನುಕಂಪವಿದೆ. ಅವರ ಹೇಳಿಕೆಯಲ್ಲಿ ಹೋದ ಸಲ ಇದ್ದ ಒಂದು ಪದ ಈ ಸಲ ಇಲ್ಲವೆಂದು ಟೋಕಿಯೋದಿಂದ ಲಂಡನ್ನಿನವರೆಗೆ ಮಾರುಕಟ್ಟೆ ಕುಸಿಯುತ್ತದಂತೆ. ಪಾಪ, ಆ ಪದ ಟೈಪು ಮಾಡುವಾಗ ಬಿಟ್ಟುಹೋಗಿದ್ದರೂ ಇರಬಹುದು. ಆದರೆ ಅವರಿಗೆ ಕನಿಷ್ಠ ಹೇಳಿಕೆ ತಿದ್ದಲು ಹತ್ತು ಜನರಿರುತ್ತಾರೆ. ನನಗಿದ್ದವಳು ಒಬ್ಬ ಮಗಳು, ಅವಳೂ ನಗುತ್ತಿದ್ದಳು.

ಮನೆಯಲ್ಲಿ ಛೆಗೆ ನಿಷೇಧ ಹಾಕಿಕೊಂಡೆ. ಅದರ ಬದಲು “ಉಹೂಂ” ಎನ್ನುವುದು ಎಂದು ನಿಶ್ಚಯಿಸಿದೆ. ಮಾರನೆಯ ದಿನ ಚಹಾ ಪಂಚೆಯ ಮೇಲೆ ಚೆಲ್ಲಿತು. ಬಾಯಿಂದ ಏನು ಬಂತು ಎಂದು ಹೇಳಬೇಕಾಗಿಲ್ಲ. “ಅದ, ಅದ,” ಎಂದಳು ಹೆಂಡತಿ ಬಟ್ಟೆ ತಂದುಕೊಡುತ್ತ.

ಅಮೆರಿಕದವರ ಸಭೆ ನಡೆಯಿತು. ಬಡ್ಡಿ ಇಳಿಸಲಿಲ್ಲ. ಚಿನ್ನ ಸ್ವಲ್ಪ ಬಾಗಿತು. ಬಾ ಅಲುಗಲಿಲ್ಲ. ತಿಂಗಳು ಮುಗಿಯಲು ಮೂರು ದಿನವಿದ್ದಾಗ ನಮ್ಮ ಸರ್ಕಾರ ಆಮದು ಸುಂಕ ಇಳಿಸಿತು. ಬೆಳಿಗ್ಗೆ ಸೋನಾರ ಅಂಗಡಿಯ ಶಟರು ತೆಗೆಯುವ ಹೊತ್ತಿಗೆ ದರ ಬಿದ್ದಾಗಿತ್ತು. ಪತ್ರಿಕೆಯಲ್ಲಿ ಗಿರಾಕಿಗಳಿಗೆ ಹಬ್ಬ ಎಂದು ದಪ್ಪಕ್ಷರದಲ್ಲಿ ಹಾಕಿದ್ದರು. ಕೊಳ್ಳುವವರಿಗೆ ಹಬ್ಬ ಸರಿ. ಸೊಂಟದ ಡಾಬು ಮಾರಿ ಹಿಮ ನೋಡಲು ಹೊರಟವರ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಾನು ಅವತ್ತು ಹಿಂಬಾಗಿಲಿನಿಂದ, ಕಸದ ತೊಟ್ಟಿಗಳ ಪಕ್ಕದಿಂದ ಶಾಖೆಗೆ ಹೋದೆ. ರಜೆ ಹಾಕಬೇಕೆಂದಿದ್ದೆ, ಆದರೆ ರಜೆ ಹಾಕಿದರೆ ಮನೆಯಲ್ಲಿರಬೇಕು, ಮನೆಯ ಎರಡು ಮಹಡಿ ಕೆಳಗೆ ಜೋಕಾಲಿ. ಹನ್ನೊಂದು ಗಂಟೆಗೆ ಬಾ ಶಾಖೆಯೊಳಗೇ ಬಂದರು. ಹತ್ತಿಯ ಸೀರೆ, ಕೈಯಲ್ಲಿ ತರಕಾರಿ ಚೀಲ.

“ಲಾಕರ್ ತಗೀರಿ ಸಾಹೇಬ್.”

ಸಹಿ ಹಾಕಿದರು. ಒಳಗೆ ಹೋದೆವು. ನನ್ನ ಕೀಲಿ ತಿರುಗಿಸಿದೆ. ಅವರು ತಮ್ಮದನ್ನು ತಿರುಗಿಸಿದರು. ನಿಯಮದಂತೆ ಆಗ ನಾನು ಹೊರಗೆ ಹೋಗಬೇಕು. ಹೋಗಲಿಲ್ಲ.

“ಬಾ, ನಂದೇ ತಪ್ಪು,” ಎಂದೆ. “ನನಗೆ ಏನೂ ಗೊತ್ತಿಲ್ಲ. ಚಿನ್ನ, ಡಾಲರ್, ಅಮೆರಿಕ, ಏನೂ. ನಾನು ಬರೀ ಈ ಬಾಗಿಲು ತೆಗೆಯೋವನು. ನಮ್ಮ ಭಾಷೆಯಲ್ಲಿ ಛೆ ಅಂದರೆ ಬೇಡ, ಇಲ್ಲ, ಅಯ್ಯೋ ಅಂತ. ನಾನು ಅವತ್ತು ಇಲ್ಲ ಅಂದಿದ್ದೆ.”

ಬಾ ಚೀಲ ಕೆಳಗಿಟ್ಟರು.

“ಗೊತ್ತು ದೀಕರಾ.” ದೀಕರಾ ಎಂದರೆ ಮಗನೇ. ಮೊದಲ ಸಲ ಸಾಹೇಬ್ ಎನ್ನುವುದನ್ನು ಬಿಟ್ಟಿದ್ದರು. “ಹದಿನೈದು ವರ್ಷದಿಂದ ಈ ಲಾಕರಿಗೆ ಬರ್ತೀನಿ. ಇಲ್ಲಿ ಕೂತಾವ್ಗ ಏನು ಗೊತ್ತಿರ್ತದ, ಏನು ಗೊತ್ತಿರೂದಿಲ್ಲ ನನಗ ತಿಳೀದೇನು?”

“ಮತ್ತೆ ನನ್ನ ಮಾತು ಯಾಕೆ ಕೇಳಿದಿರಿ?”

“ಅವತ್ತು ನಿನ್ನ ಮಾರಿ ಇಲ್ಲ ಅಂತಿತ್ತು, ಬಾಯಿ ಅದ ಅಂತಿತ್ತು. ನನಗ ಬೇಕಾದದ್ದು ತಗೊಂಡೆ.” ಅವರು ಲಾಕರಿನೊಳಗೆ ಕೈ ಹಾಕಿ ಕೆಂಪು ಬಟ್ಟೆಯ ಗಂಟು ಹೊರಗೆಳೆದರು. “ಎಲ್ಲಾರೂ ಮಾರು ಮಾರು ಅಂದ್ರು. ಮಾರಿದ್ರ ಹೋಗಲೇಬೇಕು. ಮಾರದ ಇದ್ರ, ಹೋಗ್ತೀನಿ ಅಂತ ಹೇಳ್ಕೋತ ಇರಬಹುದು. ವಿಮಾನ, ಬರ್ಫು, ಜಾರಿ ಬಿದ್ರ ಸೊಂಟಾ. ಅಂಜಿಕಿ ಬಂದಿತ್ತು. ನೀ ಒಬ್ಬಾಂವ ಸಿಕ್ಕಿ, ತಡಿ ಅನ್ನಾಂವ.”

ಅಂಜಿಕೆಯ ವಿಷಯದಲ್ಲಿ ಮಾತ್ರ ನಾನು ನಿಜವಾದ ಪರಿಣತ. ಅದನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

“ಈಗ ಅಂಜಿಕಿ ಹೋತೇನು?” ಎಂದು ಕೇಳಿದೆ. ಅವಸರದಲ್ಲಿ ಕನ್ನಡದಲ್ಲೇ ಕೇಳಿದೆ. ಅವರಿಗೆ ಅರ್ಥವಾಯಿತು.

“ಇಲ್ಲ. ಮುಂಜಾನೆ ದರ ಬಿದ್ದದ್ದು ನೋಡಿ, ಹೋಗೂದು ತಪ್ತು, ಚಲೋ ಆತು ಅನ್ಕೋಬೇಕಿತ್ತು. ಅನಿಸ್ಲಿಲ್ಲ. ಸಿಟ್ಟು ಬಂತು. ಸಿಟ್ಟು ಬಂದದ ಅಂದ್ರ ಹೋಗೋ ಮನಸ್ಸದ ಅಂತ ತಿಳೀತು.”

ಗಂಟು ಬಿಚ್ಚಿದರು. ಡಾಬು ನಿಜಕ್ಕೂ ದಪ್ಪವಾಗಿತ್ತು, ಸೈಕಲ್ಲಿನ ಚೈನಿನಷ್ಟು. ಅದನ್ನು ಸೀರೆಯ ಮೇಲೆಯೇ ಸೊಂಟಕ್ಕೆ ಸುತ್ತಿಕೊಂಡರು, ಕೊಂಡಿ ಹಾಕಲು ನನ್ನನ್ನೇ ಕರೆದರು. ಕೊಂಡಿ ಹತ್ತಲಿಲ್ಲ. ಐವತ್ತು ವರ್ಷದಲ್ಲಿ ಡಾಬು ಬೆಳೆದಿರಲಿಲ್ಲ. ಎರಡು ಕೈಯಲ್ಲೂ ಅದರ ತುದಿಗಳನ್ನು ಹಿಡಿದುಕೊಂಡು, ಬಾ ನಮ್ಮ ಲಾಕರ್ ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಗತ್ತಿನಿಂದ ಒಮ್ಮೆ ನಡೆದು, ತಿರುಗಿ ಬಂದರು. ಕ್ಯಾಮೆರಾ ಇದೆ ಎಂದು ನಾನು ಪಿಸುಗುಟ್ಟಿದೆ. ಬಾ ಕ್ಯಾಮೆರಾದ ಕಡೆಗೂ ಒಮ್ಮೆ ತಿರುಗಿ ತೋರಿಸಿದರು.

“ಈಗೂ ಚುಚ್ತದ,” ಎಂದು ಅದನ್ನು ಚೀಲಕ್ಕೆ ಹಾಕಿ, ಮೇಲೊಂದು ಮೆಂತ್ಯದ ಕಟ್ಟು ಇಟ್ಟರು.

ಸೋನಾರನ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ಮರಳಿ ಬಂದರು. ಹಣ ಸಾಲದೆ ಹೋಗಿತ್ತು. ಬಹಳವಲ್ಲ, ಆದರೆ ಸಾಲದು. ನಾನು ಉಳಿದದ್ದನ್ನು ಕೊಡುತ್ತೇನೆ, ತಪ್ಪು ನನ್ನದೇ ಎಂದು ಬಾಯಿ ತೆಗೆಯುವಷ್ಟರಲ್ಲಿ, “ನೀ ಸುಮ್ನಿರು, ನಿನ್ನ ಮಾತಿಗೆ ಈ ತಿಂಗಳದಾಗ ಬಹಳ ಖರ್ಚು ಬಂದದ,” ಎಂದು ನನ್ನ ಮೇಜಿನ ಫೋನನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ತಮ್ಮ ಮೊಬೈಲಿನಲ್ಲಿ ಸಿಗ್ನಲ್ ಇಲ್ಲವೆಂದರು. ಇತ್ತು. ಬ್ಯಾಂಕಿನ ನಂಬರಿನಿಂದ ಕರೆ ಹೋದರೆ ಅದಕ್ಕೊಂದು ತೂಕವಿರುತ್ತದೆ ಎಂದು ಆಮೇಲೆ ತಿಳಿಸಿದರು.

ಸೂರತ್‌ನ ಪ್ರವಾಸದವನಿಗೂ ಬಾ ಅವರಿಗೂ ನಡೆದ ಮಾತಿನಲ್ಲಿ ನನಗೆ ಕೇಳಿಸಿದ್ದು ಒಂದು ಪಕ್ಷ ಮಾತ್ರ.

“ಮಹಾರಾಜ ಎಷ್ಟು ಜನಾ? ಒಬ್ಬಾಂವ? ನಲವತ್ತು ಹೆಂಗಸರು, ಒಬ್ಬ ಮಹಾರಾಜ! ಬೆಳಿಗ್ಗೆ ಮೆಂತ್ಯದ ಚಪಾತಿ, ಥೇಪ್ಲಾ, ಯಾರು ಲಟ್ಟಸ್ತಾರ? ... ಅಂವಾನೇ? ಆ ಥಂಡಿಯೊಳಗ? ನಾಲ್ಕನೇ ದಿನಕ್ಕ ಅಂವಾ ಮಲಗ್ತಾನ, ನೀವು ನಲವತ್ತು ಜನಕ್ಕ ಬ್ರೆಡ್ ಕೊಡ್ತೀರಿ, ಹೆಂಗಸರು ನಿಮ್ಮನ್ನ ಬರ್ಫಿನಾಗ ಹೂಳ್ತಾರ. ... ನಾನು ಲಟ್ಟಸ್ತೀನಿ. ದಿನಾ ಮುಂಜಾನೆ. ಅದಕ್ಕ ಎಷ್ಟು ಕಡಿಮಿ ಮಾಡ್ತೀರಿ? ... ಇಲ್ಲ. ... ಇಲ್ಲ. ... ನಾನು ಬ್ಯಾಂಕಿನಾಗ ಕೂತೀನಿ, ಮ್ಯಾನೇಜರ್ ಸಾಹೇಬ್ರು ಇಲ್ಲೇ ನಿಂತಾರ, ಬೇಕಾದ್ರ ಮಾತಾಡ್ರಿ.”

ನಾನು ಮ್ಯಾನೇಜರ್ ಅಲ್ಲ ಎಂದು ಹೇಳಲು ಹೋದೆ. ಬಾ ಫೋನಿನ ಬಾಯಿ ಮುಚ್ಚಿ, ನನ್ನ ಬಾಯಿಯ ಕಡೆ ಬೆರಳು ತೋರಿಸಿದರು. ಸುಮ್ಮನಾದೆ. ಹತ್ತು ನಿಮಿಷದಲ್ಲಿ ಕೊರತೆ ತುಂಬಿಹೋಗಿ, ಎರಡು ಐಸ್‌ಕ್ರೀಮಿನಷ್ಟು ಉಳಿಯಿತು.

ಹೊರಡುವ ದಿನ ಸೊಸೈಟಿಯವರೆಲ್ಲ ಸೇರಿ ಅವರನ್ನು ವಿಮಾನ ಹಿಡಿಯಲು ಮುಂಬಯಿಯ ಬಸ್ಸು ಹತ್ತಿಸಿದೆವು. ಮಗ ಸ್ವೆಟರಿನ ಬಗ್ಗೆ ಮಾತೆತ್ತಲಿಲ್ಲ, ಎತ್ತುವ ಹಕ್ಕು ಇರಲಿಲ್ಲ. ಮರುದಿನ ಮಧ್ಯಾಹ್ನ ಶಾಖೆಯಲ್ಲಿ ನನ್ನ ಮೊಬೈಲು ಬಡಿದುಕೊಂಡಿತು. ವಿಮಾನ ನಿಲ್ದಾಣದಿಂದ ಬಾ.

“ಸಾಹೇಬ್, ಇವ್ರು ನನ್ನ ಲಟ್ಟಣಿಗಿ ಹಿಡದಾರ. ಕೈಚೀಲದಾಗ ಒಯ್ಯಾಂಗಿಲ್ಲ ಅಂತಾರ, ಆಯುಧ ಅಂತ! ನೀವು ಸರ್ಕಾರಿ ಬ್ಯಾಂಕಿನವ್ರು, ಸ್ವಲ್ಪ ಹೇಳ್ರಿ.”

ವಿಮಾನ ನಿಲ್ದಾಣದ ಭದ್ರತೆಯವರಿಗೆ ಲಾಕರಿನ ಗುಮಾಸ್ತ ಏನು ಹೇಳಬಲ್ಲ? ಬಿಟ್ಟುಬಿಡಿ ಬಾ, ವಾದ ಮಾಡಬೇಡಿ, ಅಲ್ಲಿ ಯಾರಾದರೂ ಕೊಡುತ್ತಾರೆ ಎಂದೆ. ಬೆಳಿಗ್ಗೆ ಎದ್ದು ನಲವತ್ತು ಜನರಿಗೆ ಲಟ್ಟಿಸುವ ಕರಾರಿನ ಮೇಲೆ ಹೊರಟವರು ಲಟ್ಟಣಿಗೆಯನ್ನು ಅಲ್ಲೇ ಒಪ್ಪಿಸಿ ಹೋದರು. ಮಹಾರಾಜನದು ಒಂದೇ ಇದ್ದರೆ, ಅವನು ಕೊಡದಿದ್ದರೆ, ಕರಾರು ಮುರಿಯಿತೆಂದು ಪ್ರವಾಸದವನು ನಡುದಾರಿಯಲ್ಲಿ ಹಣ ಕೇಳಿದರೆ? ನನಗೆ ಆ ವಾರ ಅಮೆರಿಕದ ಬಡ್ಡಿದರ ನೋಡಲೂ ಪುರುಸೊತ್ತಾಗಲಿಲ್ಲ.

ಐದನೆಯ ದಿನ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಫೋಟೋ ಬಂತು. ಹಿಂದೆ ಬೆಟ್ಟ, ಬೆಟ್ಟದ ತುಂಬ ಬಿಳಿ, ಬಿಸಿಲು. ಹೋಟೆಲಿನ ಹಿಂದಿನ ಕಟ್ಟೆಯ ಮೇಲೆ ಒಂದು ಮಣೆ, ಪಕ್ಕದಲ್ಲಿ ಥೇಪ್ಲಾಗಳ ಗುಡ್ಡೆ. ಬಾ ಮೊಣಕಾಲಿನವರೆಗೆ ಹಿಮದಲ್ಲಿ ನಿಂತು, ಹಲ್ಲು ಬಿಟ್ಟು ನಗುತ್ತ, ಎರಡೂ ಕೈಯಲ್ಲಿ ಹಿಟ್ಟು ಲಟ್ಟಿಸುತ್ತಿದ್ದರು. ಲಟ್ಟಿಸುತ್ತಿದ್ದದ್ದು ಉದ್ದ ಕತ್ತಿನ ಹಸಿರು ಗಾಜಿನ ವೈನ್ ಬಾಟಲಿಯಿಂದ.

ಪಾನನಿಷೇಧವಿರುವ ನಮ್ಮ ರಾಜ್ಯದ ಒಂದು ಸಭ್ಯ ಸೊಸೈಟಿಯಲ್ಲಿ ಆ ಫೋಟೋ ಎಬ್ಬಿಸಿದ ಗದ್ದಲ ಯಾವ ಬಜೆಟ್ಟೂ ಎಬ್ಬಿಸಿರಲಿಲ್ಲ. ಮಗ ಅದನ್ನು ಅಳಿಸಲು ಹೇಳಿ ಮೂರು ಸಂದೇಶ ಹಾಕಿದ. ಬಾ ಅದಕ್ಕೆ ಉತ್ತರವಾಗಿ ಇನ್ನೊಂದು ಫೋಟೋ ಹಾಕಿದರು, ಇನ್ನೂ ಹತ್ತಿರದಿಂದ. ಬಟಾಣಿ ಬಿಡಿಸುವ ಹೆಂಗಸರು ಮುಂದಿನ ವರ್ಷದ ತಂಡಕ್ಕೆ ಹೆಸರು ಕೊಟ್ಟರು. ನನ್ನ ಹೆಂಡತಿಯೂ ಕೊಟ್ಟಿದ್ದಾಳೆಂದು ಆಮೇಲೆ ತಿಳಿಯಿತು. ನಾನು ಮಾತ್ರ ಆ ಫೋಟೋವನ್ನು ದೊಡ್ಡದು ಮಾಡಿ, ಬಿರಡೆ ಎಲ್ಲಿಯಾದರೂ ಕಾಣುತ್ತದೆಯೇ ಎಂದು ಹುಡುಕುತ್ತ ಕೂತಿದ್ದೆ. ಆ ಬಾಟಲಿ ಬಾ ಅವರ ಕೈಗೆ ಬರುವಾಗಲೇ ಖಾಲಿಯಾಗಿತ್ತೋ, ಬಂದ ಮೇಲೆ ಖಾಲಿಯಾಯಿತೋ.